ಹಳೇ ಬುಲೆಟ್ ಎಂಜಿನ್ ಆಯಿಲ್ ಸೋರುತ್ತಿದೆ, ಎಲ್ಲಿಂದ ಅಂತ ಹುಡುಕುವುದು ಹೇಗೆ?

ತೀರ್ಥಹಳ್ಳಿಯಿಂದ:
ಎಲ್ಲರಿಗೂ ನಮಸ್ಕಾರ. ಅಪ್ಪನ 1978ರ ಬುಲೆಟ್ 350 ಹದಿನೈದು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಈ ವರ್ಷ ಎಂಜಿನ್ ಬಿಚ್ಚಿಸಿ ಕಟ್ಟಿಸಿದೆ. ಚೆನ್ನಾಗಿ ಓಡುತ್ತದೆ. ಆದರೆ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಕೆಳಗೆ ಅಂಗೈ ಅಗಲ ಆಯಿಲ್. ಬಲಗಡೆ ಪೂರ್ತಿ ಒದ್ದೆ. ಮೆಕ್ಯಾನಿಕ್ ಮತ್ತೆ ಬಿಚ್ಚೋಣ ಅನ್ನುತ್ತಾರೆ. ಬಿಚ್ಚಿಸಲಾ? ಗೊತ್ತಿರುವವರು ಹೇಳಿ.

ಮೈಸೂರಿನಿಂದ:
ಈಗಲೇ ಬಿಚ್ಚಿಸಬೇಡಿ. ಕಬ್ಬಿಣದ ಬೋರಿನ (ಪಿಸ್ಟನ್ ಓಡಾಡುವ ಸಿಲಿಂಡರ್) ಎರಡು ಬುಲೆಟ್ ಕಟ್ಟಿದ್ದೇನೆ. ಮೊದಲನೆಯದರಲ್ಲಿ ಬೋರಿನ ಬುಡ ಒದ್ದೆ ಇತ್ತು. ಬೇಸ್ ಪ್ಯಾಕಿಂಗ್, ಅಂದರೆ ಬುಡದ ಜೋಡಣೆಯಲ್ಲಿ ಸೋರದಂತೆ ಹಾಕುವ ತೆಳು ಹಾಳೆ, ಹೋಗಿದೆ ಅಂದುಕೊಂಡು ಬೋರ್ ಎತ್ತಿಸಿದೆ. ಸೋರುತ್ತಿದ್ದದ್ದು ಮೇಲೆ ವಾಲ್ವ್ ಒತ್ತುವ ರಾಕರಿಗೆ ಹೋಗುವ ಆಯಿಲ್ ಪೈಪಿನ ತಾಮ್ರದ ವಾಷರ್! ಆಯಿಲ್ ಬೋರಿನ ಸುತ್ತಲಿನ ಫಿನ್ನುಗಳ ನಡುವೆ ಇಳಿದು ಬುಡಕ್ಕೆ ಬರುತ್ತಿತ್ತು. ಹಳೇ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಮೆತ್ತಗಾಯಿತು, ಸೋರಿಕೆ ನಿಂತಿತು.

ಅಂದರೆ ಒದ್ದೆ ಇರುವ ಜಾಗವೇ ಸೋರುವ ಜಾಗ ಅಲ್ಲ. ಆಯಿಲ್ ಕೆಳಗೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಎಲ್ಲಿ ಒದ್ದೆ ಇದೆ ಅಂತ ನೋಡಬೇಕು. ಎಂಜಿನ್ ತಣ್ಣಗಿದ್ದಾಗ ಡೀಸೆಲ್ ಮತ್ತು ಬ್ರಷ್‌ನಲ್ಲಿ ಪೂರ್ತಿ ತೊಳೆಯಿರಿ. ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಆಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಜೋಡಣೆಗಳ ಮೇಲೆಲ್ಲ ಉದುರಿಸಿ. ಮೊದಲು ನಿಂತಲ್ಲೇ ಐದು ನಿಮಿಷ ಓಡಿಸಿ, ಟಾರ್ಚ್ ಹಿಡಿದು ನೋಡಿ. ಏನೂ ಕಾಣದಿದ್ದರೆ ಐದು ಕಿಲೋಮೀಟರ್ ಹೋಗಿ ಬನ್ನಿ. ಪೌಡರ್ ಮೊದಲು ಎಲ್ಲಿ ಕಪ್ಪಾಯಿತೋ ಅಲ್ಲೇ ಕಳ್ಳ.

ಬಲಗಡೆ ಅಂದಿರಲ್ಲ, ಬೋರಿನ ಕೆಳಗೆ ಟ್ಯಾಪೆಟ್ ಕವರ್ ಇದೆ ನೋಡಿ. ಒಂದೇ ನಟ್ಟಿನಲ್ಲಿ ನಿಲ್ಲುವ ಕವರ್. ನನ್ನ ಅನುಮಾನ ಮೊದಲು ಅದರ ಮೇಲೆ. ಆದರೆ ನಟ್ಟನ್ನು ಜೋರಾಗಿ ಬಿಗಿಯಬೇಡಿ, ಕವರ್ ಸೊಟ್ಟಗಾಗಿ ಇನ್ನೂ ಜಾಸ್ತಿ ಸೋರುತ್ತದೆ.

ಇನ್ನೊಂದು, ಬ್ರೀದರ್, ಅಂದರೆ ಎಂಜಿನ್ ಉಸಿರು ಬಿಡುವ ಪೈಪ್. ಪಿಸ್ಟನ್ ಇಳಿದಾಗಲೆಲ್ಲ ಕೆಳಗಿನ ಗಾಳಿ ಆ ದಾರಿಯಲ್ಲಿ ಹೊರಗೆ ಹೋಗಬೇಕು. ಅದು ಕಟ್ಟಿಕೊಂಡರೆ ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದರೂ ಒತ್ತಡ ಆಯಿಲನ್ನು ಎಲ್ಲಿಂದಾದರೂ ತಳ್ಳುತ್ತದೆ. ಪ್ಯಾಕಿಂಗ್ ಮುಟ್ಟುವ ಮೊದಲು ಇದನ್ನು ನೋಡಿ.

ಹುಬ್ಬಳ್ಳಿಯಿಂದ:
ಮೇಲಿನವರು ಹೇಳಿದ್ದು ಸರಿ ಐತ್ರಿ. ಒಂದು ಮಾತು ಸೇರಿಸುತ್ತೇನೆ. ಈ ಎಂಜಿನ್ನಿಗೆ ಆಯಿಲ್ ಟ್ಯಾಂಕ್ ಬೇರೆ ಇಲ್ಲ, ಕ್ರ್ಯಾಂಕ್ ಕೇಸಿನ (ಕ್ರ್ಯಾಂಕ್ ತಿರುಗುವ ಎಂಜಿನ್ನಿನ ಕೆಳಗಿನ ಪೆಟ್ಟಿಗೆ) ಹಿಂಭಾಗದಲ್ಲೇ ಒಂದು ಕೋಣೆ ಇದೆ. ಗಾಡಿ ವಾರಗಟ್ಟಲೆ ನಿಂತರೆ ಆಯಿಲ್ ಪಂಪಿನ ಸಂದಿಯಲ್ಲಿ ಜಿನುಗಿ ಕ್ರ್ಯಾಂಕ್ ಇರುವ ಕಡೆ ಸೇರುತ್ತದೆ. ಆಗ ಆಯಿಲ್ ಮಟ್ಟ ನೋಡುವ ಕಡ್ಡಿ ತೆಗೆದು ನೋಡಿದರೆ ಆಯಿಲ್ ಕಡಿಮೆ ಕಾಣುತ್ತದೆ. ನಾನು ಹಾಗೆ ನೋಡಿ ಅರ್ಧ ಲೀಟರ್ ಸುರಿದೆ. ಸ್ಟಾರ್ಟ್ ಮಾಡಿದ ಮೇಲೆ ಹಳೆಯದು ವಾಪಸ್ ಬಂತು, ಜಾಸ್ತಿ ಆದದ್ದು ಬ್ರೀದರಿನಿಂದ ಹೊರಗೆ ಬಂತು. ಒಂದು ತಿಂಗಳು ಅದನ್ನು ಸೋರಿಕೆ ಅಂತಲೇ ನಂಬಿದ್ದೆ. ಎಂಜಿನ್ ಓಡಿಸಿದ ಮೇಲೆಯೇ ಮಟ್ಟ ನೋಡಿ.

ಪ್ಯಾಕಿಂಗ್ ಜಾಗಕ್ಕೆ ಸಿಲಿಕಾನ್ ಮೆತ್ತಬೇಡ್ರೀ. ಒಳಗೆ ಉಕ್ಕಿದ ಚೂರು ಕಿತ್ತು ಆಯಿಲ್ ದಾರಿಗೆ ಸಿಕ್ಕಿದರೆ ಎಂಜಿನ್ನೇ ಹೋಗುತ್ತದೆ.

ತೀರ್ಥಹಳ್ಳಿಯಿಂದ:
ಇಬ್ಬರಿಗೂ ತುಂಬಾ ಧನ್ಯವಾದ. ಪೌಡರ್ ಮೊದಲು ಕಪ್ಪಾದದ್ದು ಟ್ಯಾಪೆಟ್ ಕವರಿನ ಮೇಲಂಚು. ಬ್ರೀದರ್ ಪೈಪ್ ಬಿಚ್ಚಿದರೆ ಒಳಗೆ ಕಣಜ ಕಟ್ಟಿದ ಮಣ್ಣಿನ ಗೂಡು! ಎಂಜಿನ್ ಕಟ್ಟುವಾಗ ಹಳೇ ಪೈಪನ್ನೇ ಹಾಕಿದ್ದರು. ತೆಗೆದು ಶುಚಿ ಮಾಡಿದೆ. ಕವರಿಗೆ ಹೊಸ ಪ್ಯಾಕಿಂಗ್ ಕತ್ತರಿಸಿ ಹಾಕಿದೆ. ನಿನ್ನೆ ಅಪ್ಪನೇ ಆಗುಂಬೆವರೆಗೆ ಓಡಿಸಿಕೊಂಡು ಬಂದರು. ಬಲಗಡೆ ಪೂರ್ತಿ ಒಣಗಿದೆ. ರಾತ್ರಿ ಕೆಳಗೆ ಇಟ್ಟ ರಟ್ಟಿನ ಮೇಲೆ ಒಂದೇ ಒಂದು ಚುಕ್ಕೆ, ಅದೂ ಗೇರ್ ಬಾಕ್ಸಿನ ನೇರಕ್ಕೆ. ಮುಟ್ಟಿದರೆ ಗ್ರೀಸಿನ ಹಾಗೆ ದಪ್ಪ ಇದೆ. ಭಾನುವಾರ ಅಲ್ಲಿಗೂ ಪೌಡರ್ ಹಾಕಿ ನೋಡುತ್ತೇನೆ.