ಇಂಜಿನ್ ಹೆಡ್‌ನ್ಯಾಗ ಸ್ಟಡ್ ಮುರದದ, ಹೆಡ್ ಕೆಡದಂಗ ಹೆಂಗ ತೆಗೀಬೇಕ್ರಿ?

ಜೇವರ್ಗಿ_ರೋಡ್:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಅಪ್ಪಂದು ಹಳೇ 100 ಸಿಸಿ ಬೈಕ್ ಅದ, ಸೈಲೆನ್ಸರ್ ಗ್ಯಾಸ್ಕೆಟ್ ಹೋಗಿ ಪಟಪಟ ಸೌಂಡ್ ಬರ್ಲತ್ತಿತ್ತು ಅಂತ ಗ್ಯಾರೇಜಿಗಿ ಕೊಟ್ರ ನಟ್ ಬಿಚ್ಚಾಗ ಒಂದು ಸ್ಟಡ್ (ಸೈಲೆನ್ಸರ್ ಪೈಪ್ ಇಂಜಿನ್ ಹೆಡ್ಡಿಗಿ ಹಿಡಿಯೋ, ತಲಿ ಇಲ್ಲದ ಥ್ರೆಡ್ ಸಳಿ) ಕಟ್ ಆಗ್ಯದ. ಜೋಳದ ಕಾಳಿನಷ್ಟು ತುಣುಕು ಹೊರಗ ಕಾಣ್ತದ, ಸುತ್ತೆಲ್ಲ ಜಂಗ್. ಡ್ರಿಲ್ ಹೊಡದು ಈಜಿ ಔಟ್ (ಮುರದ ಸ್ಟಡ್ ತೂತಿನ್ಯಾಗ ಹಾಕಿ ತಿರುವಿ ತೆಗಿಯೋ ಉಲ್ಟಾ ಥ್ರೆಡ್ ಟೂಲ್) ಹಾಕ್ತೀನಿ ಅಂತಾರ ಅವ್ರು. ಹೆಡ್ ಹಾಳಾದ್ರ ಖರ್ಚು ಭಾಳ ಬರ್ತದ, ಅದೂ ತೊಗರಿ ರಾಶಿ ಟೈಮು, ಹೊಲಕ್ಕ ಹೋಗ್ಲಿಕ್ಕ ಬೈಕ್ ಬೇಕೇ ಬೇಕು. ತಿಳದವ್ರು ಹೇಳ್ರಿ.

ಶಹಾಬಾದ್_ಲೇತ್:
ಮೊದ್ಲ ಡ್ರಿಲ್ ಕೆಳಗ ಇಡ್ಸ್ರಿ. ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು, ಬಿಟ್ ಜರಾ ಜಾರಿದ್ರ ಮೆತ್ತಗಿದ್ದ ಕಡೀಗೇ ಹೊಂಟೋಗ್ತದ, ಸ್ಟಡ್ ಇದ್ದಲ್ಲೇ ಇರ್ತದ ಬಾಜೂಕ ತೂತು ಬೀಳ್ತದ. 6 ಎಂಎಂ ಸ್ಟಡ್‌ಗೆ ಹಾಕೋ ಈಜಿ ಔಟ್ ಭಾಳ ಸಣ್ಣದು, ಬಗ್ಗಂಗಿಲ್ಲ, ಪಟ್ ಅಂತ ಮುರೀತದ, ಒಳಗ ಮುರದ್ರ ಸಾದಾ ಬಿಟ್ ಅದರ ಮ್ಯಾಲ ನಡಿಯಂಗೇ ಇಲ್ಲ.

ತುಣುಕು ಹೊರಗ ಅದಂದ್ರ ನಸೀಬು ಛಲೋ ಅದ. ವೈರ್ ಬ್ರಶ್‌ಲೇ ಜಂಗ್ ತಿಕ್ಕಿ ಬುಡಕ್ಕ ಪೆನಿಟ್ರೇಟಿಂಗ್ ಆಯಿಲ್ (ಜಂಗಿನ್ಯಾಗ ಇಳಿಯೋ ತೆಳು ಎಣ್ಣಿ) ಹಾಕಿ ರಾತ್ರಿಯೆಲ್ಲ ಬಿಡ್ರಿ. ಮರುದಿನ ಟ್ಯಾಂಕ್ ಇಳಿಸಿ ದೂರ ಇಟ್ಟು, ಆಯಿಲ್ ಒರೆಸಿ, ಹೀಟ್ ಗನ್‌ಲೇ ಸ್ಟಡ್ ಸುತ್ತಿನ ಹೆಡ್ ಕಾಸ್ರಿ. ಸ್ಟಡ್ ಅಲ್ಲ, ಹೆಡ್! ಅಲ್ಯೂಮಿನಿಯಂ ಉಕ್ಕಿಗಿಂತ ಹತ್ರಹತ್ರ 2 ಪಟ್ಟು ಹಿಗ್ತದ, ಹಿಡಿತ ಸಡಿಲಾಗ್ತದ. ಆಮ್ಯಾಲ ವೈಸ್ ಗ್ರಿಪ್ (ಬಾಯಿ ಲಾಕ್ ಆಗೋ ಪಕ್ಕಡ) ಬಿಗಿ ಹಿಡದು ಜರಾ ಬಿಚ್ಚೋ ಕಡೆ, ಜರಾ ಟೈಟ್ ಕಡೆ, ಹಿಂಗ ಆಡಿಸ್ಕೋತ ಬರ್ರಿ. ಒಂದೇ ಸವನ ಜಗ್ಗಿದ್ರ ಇದ್ದಷ್ಟೂ ಮುರೀತದ.

ಬೀದರ್_ವೆಲ್ಡರ್:
ಮ್ಯಾಲಿನ ಅಣ್ಣಾ ಹೇಳಿದ್ದು ಬರೋಬರ್. ಗ್ರಿಪ್ ಜಾರ್ಲತ್ತದಂದ್ರ ತುಣುಕಿನ ಮ್ಯಾಲ ನಟ್ ಇಟ್ಟು ನಟ್ಟಿನ ಒಳಗಿಂದ ಮಿಗ್ ವೆಲ್ಡ್ ಹೊಡಸ್ರಿ, ನಮ್ಮ ಕಡೆ ನಾ ಮಾಡೋದೇ ಇದು. ವೆಲ್ಡಿನ ಕಾವು ಸೀದಾ ಸ್ಟಡ್ ಒಳಗ ಇಳದು ಜಂಗಿನ ಹಿಡಿತ ಬಿಡಿಸ್ತದ. ಕೆಂಪು ಆರಿದ ಮ್ಯಾಲ ಸ್ಪ್ಯಾನರ್ ಹಾಕಿ ಮೆಲ್ಲಕ ಆಡಿಸ್ರಿ, ನಟ್ ಕಿತ್ತು ಬಂತಂದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ, ಇನ್ನೊಂದು ಹೊಡಸ್ರಿ, ಪ್ರತಿ ಕಾವಿಗೂ ಜರಾ ಜರಾ ಬಿಡ್ತದ. ಬ್ಯಾಟರಿ ವೈರ್ ಬಿಚ್ಚಿರ್ಬೇಕು. ಕಿಡಿ ಇಂಜಿನ್ ಒಳಗ ಬೀಳದಂಗ ಪೋರ್ಟಿಗಿ (ಹೆಡ್‌ನ್ಯಾಗ ಹೊಗಿ ಹೊರಗ ಬರೋ ತೂತು) ಹಸಿ ಬಟ್ಟಿ ತುರುಕ್ರಿ, ಕೆಲ್ಸ ಆದ ಮ್ಯಾಲ ನೆನಪಿಂದ ತೆಗೀರಿ.

ಜೇವರ್ಗಿ_ರೋಡ್:
ಭಾಳ ಉಪಕಾರ ಆಯ್ತ್ರಿ ಇಬ್ಬರಿಂದೂ. ಸ್ಟಡ್ ಬಂದ ಮ್ಯಾಲ ಒಳಗಿನ ಥ್ರೆಡ್ ಹೋಗಿದ್ರ ಏನ್ ಮಾಡ್ಬೇಕು? 8 ಎಂಎಂ ಟ್ಯಾಪ್ (ತೂತಿನ್ಯಾಗ ಥ್ರೆಡ್ ಕೊರಿಯೋ ಟೂಲ್) ಹೊಡದು ದಪ್ಪ ಸ್ಟಡ್ ಹಾಕ್ತೀನಿ ಅಂತಾರ ಗ್ಯಾರೇಜ್‌ನವ್ರು.

ಶಹಾಬಾದ್_ಲೇತ್:
ಬ್ಯಾಡ್ರಿ. ದಪ್ಪ ಸ್ಟಡ್‌ಗೆ ಬೆಂಡ್ ಪೈಪಿನ ಪಟ್ಟಿ ತೂತು ಕೂಡಂಗಿಲ್ಲ, ಅದನ್ನೂ ಕೊರೀಬೇಕಾಗ್ತದ, ಹೆಡ್‌ನ್ಯಾಗೂ ಗೋಡಿ ತೆಳ್ಳಗಾಗ್ತದ. 6 ಎಂಎಂ, 1 ಎಂಎಂ ಪಿಚ್ (ಥ್ರೆಡ್ಡಿಂದ ಥ್ರೆಡ್ಡಿಗಿ ಅಂತರ) ಹೆಲಿಕಾಯಿಲ್ (ಹೋದ ಥ್ರೆಡ್ ಜಾಗಾಕ್ಕ ಕೂಡ್ಸೋ ಸುರುಳಿ ತಂತಿ ಥ್ರೆಡ್) ಹಾಕಸ್ರಿ, ಹಳೇ ಅಳತೀದೇ ಸ್ಟಡ್ ಕೂಡ್ತದ. ಹೊಸ ಸ್ಟಡ್‌ಗೆ ಕಾಪರ್ ಗ್ರೀಸ್ ಹಚ್ಚಿ, ನಟ್ ಎರಡೂ ಕಡೆ ಸ್ವಲ್ಪ ಸ್ವಲ್ಪ ಟೈಟ್ ಮಾಡ್ಕೋತ ಹೋಗ್ರಿ, 10 ನ್ಯೂಟನ್ ಮೀಟರ್ ಸಾಕು, ಉದ್ದ ಹ್ಯಾಂಡಲ್ ಹಾಕಿ ಎಳೀಬ್ಯಾಡ್ರಿ. ಮತ್ತ ಆ ಬಾಜೂದ ಸ್ಟಡ್‌ಗೂ ಈಗೇ ಆಯಿಲ್ ಹಾಕಿ ಬದಲಿ ಮಾಡಸ್ರಿ, ಅದೂ ಇದರ ಜೋಡೀದೇ.