ಹಳೇ ಮೌಸರ್ ಕೋವಿ ಮೇಲಿನ ಕಿರೀಟ, ಹದ್ದು, ಎರಡೆರಡು ಇಸವಿ

ಪ್ರಶ್ನೆ: ಸರ್, ನಾನು ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ನಮ್ಮ ಮನೆ ಓನರ್ ಹತ್ತಿರ ಅವರ ಅಜ್ಜನ ಕಾಲದ ಗೆವೆರ್ 98 (ಜರ್ಮನ್ ಸೈನ್ಯದ ಮೌಸರ್) ಕೋವಿ ಇದೆ, ಲೈಸೆನ್ಸ್ ಕೂಡ ಇದೆ. ಬ್ಯಾರೆಲ್ ಬುಡದಲ್ಲಿ ಕಿರೀಟ, ‘ಡಾನ್‌ಜಿಗ್’, 1917 ಅಂತಿದೆ. ಅದರ ಹತ್ತಿರವೇ 1920 ಅಂತಲೂ ಇದೆ. ಬಲಗಡೆ ಮೂರು ಪುಟ್ಟ ಕಿರೀಟ, ಒಂದೊಂದರ ಕೆಳಗೂ ಒಂದು ಅಕ್ಷರ. ಅವು ಸೈನಿಕರ ಹೆಸರಾ? ಯಾವ ಇಸವಿ ನಂಬಲಿ?

ಉತ್ತರ: ಎರಡನ್ನೂ ನಂಬಿ. 1917ರಲ್ಲಿ ಡಾನ್‌ಜಿಗ್‌ನ ಸರ್ಕಾರಿ ಕಾರ್ಖಾನೆಯಲ್ಲಿ ಕೋವಿ ತಯಾರಾಯಿತು. ಈಗ ಆ ಊರು ಪೋಲೆಂಡ್‌ನ ಗ್ದಾನ್ಸ್ಕ್. 1920 ತಯಾರಾದ ವರ್ಷ ಅಲ್ಲ. ಮೊದಲ ಮಹಾಯುದ್ಧ ಸೋತ ಮೇಲೆ ಜರ್ಮನಿಯಲ್ಲಿ ಉಳಿದ ಸೈನ್ಯ ‘ಇದು ನಮ್ಮ ಸ್ವತ್ತು’ ಅಂತ ಒತ್ತಿದ ಮುದ್ರೆ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಬಲಗಡೆಯ ಅಕ್ಷರಗಳು ಸೈನಿಕರದ್ದಲ್ಲ, ಇನ್‌ಸ್ಪೆಕ್ಟರ್‌ಗಳದ್ದು. ಕೆಲಸದ ಒಂದೊಂದು ಹಂತ ಮುಗಿದಾಗ ನೋಡಿ, ಒಪ್ಪಿಗೆಯಾದರೆ ಕಿರೀಟದ ಕೆಳಗೆ ತಮ್ಮ ಅಕ್ಷರ ಒತ್ತುತ್ತಿದ್ದರು. ಹಳೇ ಜರ್ಮನ್ ಲಿಪಿ, ಅದಕ್ಕೇ ಓದೋದು ಕಷ್ಟ. ದೊಡ್ಡ ‘ಬಿ’ ಮತ್ತು ‘ವಿ’ ಅವಳಿ ಮಕ್ಕಳ ಹಾಗಿರುತ್ತವೆ. ಪುಟ್ಟ ಹದ್ದು ಇದ್ದರೆ ಅದರ ಅರ್ಥ ಬೇರೆ. ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಹಾರಿಸಿ, ಕೋವಿ ತಡೆದುಕೊಂಡ ಮೇಲೆ ಬೀಳುತ್ತಿದ್ದ ಮುದ್ರೆ ಅದು. ಬ್ಯಾರೆಲ್ ಮೇಲೂ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಭಾಗ) ಮೇಲೂ ಹುಡುಕಿ.

ಪ್ರಶ್ನೆ: ಹದ್ದು ಸಿಕ್ಕಿತು ಸರ್! ಆದರೆ ಕಿರೀಟದ ಕೆಳಗೆ ‘ಎನ್’ ಅಂತ ಇನ್ನೊಂದು ಇದೆ. ಕೋವಿ ನಂಬರ್ 4312, ಪಕ್ಕದಲ್ಲಿ ಸಣ್ಣ ‘ಸಿ’. ಬೋಲ್ಟ್ ನಂಬರ್ ಮಾತ್ರ ಬೇರೆ. ನಕಲಿನಾ?

ಉತ್ತರ: ನಕಲಿ ಅಂತ ಈಗಲೇ ಅನ್ನಬೇಡಿ. ‘ಎನ್’ ಸೈನ್ಯದ್ದಲ್ಲ, ನಾಗರಿಕರ ಕೋವಿ ಪರೀಕ್ಷಿಸುವ ಕಚೇರಿಯದು. ಹೊಗೆಯಿಲ್ಲದ ಮದ್ದಿನಿಂದ ಹಾರಿಸಿ ನೋಡಿದ ಗುರುತು. ಅಂದರೆ ಕೋವಿ ಸೈನ್ಯದಿಂದ ಹೊರಬಂದು ಯಾರದೋ ಕೈ ಸೇರಿದೆ. ಪ್ರತಿ ವರ್ಷ ನಂಬರ್ ಒಂದರಿಂದ ಶುರು, ನಾಲ್ಕಂಕಿ ಮುಗಿದ ಮೇಲೆ ಎ, ಬಿ, ಸಿ ಅಂತ ಅಕ್ಷರ ಸೇರುತ್ತಿತ್ತು. ಅದಕ್ಕೇ ನಂಬರ್ ಜೊತೆ ಇಸವಿಯನ್ನೂ ಬರೆದುಕೊಳ್ಳಿ.

ಬೋಲ್ಟ್ ಯಾವಾಗಲೋ ಬದಲಾಗಿದೆ, ಅಷ್ಟೇ. ಆದರೆ ಪರಿಣತ ಗನ್‌ಸ್ಮಿತ್ ನೋಡುವವರೆಗೂ ಅದರಿಂದ ಗುಂಡು ಹಾರಿಸಬಾರದು ಅಂತ ಓನರ್‌ಗೆ ದಯವಿಟ್ಟು ಹೇಳಿ. ಇನ್ನೊಂದು ಮಾತು. ಮುದ್ರೆ ಕಾಣಲಿ ಅಂತ ಮರಳು ಕಾಗದ ಹಚ್ಚಬೇಡಿ. ಹಾಗೆ ಉಜ್ಜಿದ ಕೋವಿಯಲ್ಲಿ ಕಿರೀಟದ ತುದಿ ಮಾತ್ರ ಉಳಿದು, ಅಕ್ಷರ ಪೂರ್ತಿ ಮಾಯವಾಗಿದ್ದನ್ನು ನೋಡಿ ಹೊಟ್ಟೆ ಉರಿದಿದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಸವೆದ ಗೆರೆಯೂ ನೆರಳಿನಲ್ಲಿ ಎದ್ದು ಕಾಣುತ್ತದೆ. ಆ ಮೂರು ಅಕ್ಷರ ಆಗ ಓದೋಣ.