ಅರ್ಚಿನ್ ಮುಳ್ಳು ಉದುರುತ್ತಿದೆ, ಸಾಕಿದವರು ಹೇಳಿ

ಕೇಳಿದವರು, ಕಾರವಾರ: ನಮ್ಮ 150 ಲೀಟರಿನ ಉಪ್ಪುನೀರಿನ ಟ್ಯಾಂಕಿಗೆ ಒಂದೂವರೆ ತಿಂಗಳ ಹಿಂದೆ ಅರ್ಚಿನ್ (ಮೈತುಂಬ ಮುಳ್ಳಿರುವ ದುಂಡನೆಯ ಕಡಲ ಜೀವಿ) ತಂದೆ. ಕಲ್ಲು, ಗಾಜಿನ ಪಾಚಿಯನ್ನೆಲ್ಲ ಮೇಯ್ದು ಚೊಕ್ಕ ಮಾಡಿತು. ಕಳೆದ ವಾರ ಅರ್ಧ ನೀರು ತೆಗೆದು ಕಡಲಿಂದ ತಂದ ನೀರು ಹಾಕಿದೆ. ಈಗ ನಾಲ್ಕು ದಿನದಿಂದ ಮೂಲೆ ಬಿಟ್ಟು ಕದಲುತ್ತಿಲ್ಲ, ಮುಳ್ಳು ಉದುರುತ್ತಿದೆ. ಮೀನುಗಳೇನೋ ಆರಾಮಾಗಿವೆ.

ಕೋಡಿಬಾಗದಿಂದ: ಜುಲೈನಲ್ಲಿ ಕಡಲ ನೀರಾ! ಕಾಳಿ ನದಿ ತುಂಬಿ ಬಂದಾಗ ಇಲ್ಲಿನ ದಂಡೆಯ ನೀರು ನಾಲಿಗೆಗೇ ಚಪ್ಪೆ ಅನ್ನಿಸುತ್ತದೆ. ನಾನೂ ಇದೇ ತಪ್ಪು ಮಾಡಿ ಒಂದನ್ನು ಕಳೆದುಕೊಂಡೆ. ಮೀನು ಹೇಗೋ ತಡೆದುಕೊಳ್ಳುತ್ತದೆ, ಅರ್ಚಿನ್‌ಗೆ ಆಗುವುದಿಲ್ಲ. ಅದರ ಮೈಯೊಳಗಿನ ನೀರಿನ ಉಪ್ಪೂ ಹೊರಗಿನ ನೀರಿನಷ್ಟೇ. ಹೊರಗೆ ಉಪ್ಪು ಇಳಿದರೆ ಒಳಗೂ ಇಳಿಯಿತು, ಕಲ್ಲಿಗೆ ಅಂಟಿ ನಡೆಯುವ ಕೊಳವೆಯಂಥ ಕಾಲುಗಳ ಹಿಡಿತ ಹೋಯಿತು. ಸಿಹಿನೀರಿನ ಸಾಂದ್ರತೆ 1 ಅಂದರೆ ಟ್ಯಾಂಕಿನ ನೀರಿನದು 1.025ರ ಆಸುಪಾಸು ಇರಬೇಕು. ಕಡಿಮೆ ಬಂದರೆ ಗಾಬರಿಯಾಗಿ ಒಂದೇ ಸಲ ಉಪ್ಪು ಸುರಿಯಬೇಡಿ, ಅದು ಎರಡನೇ ಪೆಟ್ಟು. ನೀರು ಆವಿಯಾದಷ್ಟಕ್ಕೆ ಸಿಹಿನೀರಿನ ಬದಲು ಉಪ್ಪುನೀರು ತುಂಬುತ್ತಾ ನಿಧಾನ ಏರಿಸಿ. ಅಳೆಯಲು ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಉಪಕರಣ) ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಹೈಡ್ರೋಮೀಟರ್ ನಂಬಿಯೇ ನಾನು ಕೆಟ್ಟಿದ್ದು.

ಶಿರಸಿಯಿಂದ: ನಮಗೆ ಕಡಲೇ ಇಲ್ಲ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸುವುದೇ ಗತಿ. ಅದೇ ಒಳ್ಳೆಯದಾಯಿತು ಅನ್ನಿ, ಪ್ರತಿ ಸಲವೂ ಒಂದೇ ಅಳತೆ. ಆದರೆ ಮೊದಲ ಅರ್ಚಿನನ್ನು ದೇವಿಮನೆ ಘಾಟಿ ಹತ್ತಿಸಿ ತಂದವನೇ ಸೀದಾ ಟ್ಯಾಂಕಿಗೆ ಬಿಟ್ಟೆ. ಮೂರನೇ ದಿನ ಸತ್ತಿತು. ಈಗ ಸಣ್ಣ ಪೈಪಿಗೆ ಗಂಟು ಹಾಕಿ, ಸಲೈನ್ ಹಚ್ಚಿದ ಹಾಗೆ ಅದು ಬಂದ ನೀರಿಗೆ ಎರಡು ತಾಸು ಟ್ಯಾಂಕಿನ ನೀರು ಹನಿಸಿ ಒಗ್ಗಿಸುತ್ತೇನೆ. ಆಮೇಲೂ ಗಾಳಿಗೆ ಎತ್ತುವುದಿಲ್ಲ, ನೀರೊಳಗೇ ಡಬ್ಬಿಗೆ ಹತ್ತಿಸಿ ಬಿಡುತ್ತೇನೆ.

ಅಂಕೋಲಾದಿಂದ: ಮೀನಿನ ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಏನಾದರೂ ಹಾಕಿದ್ದಿರಾ? ಅರ್ಚಿನ್‌ಗೆ ತಾಮ್ರ ವಿಷ, ಹಾಕಿದ್ದರೆ ಉಳಿದದ್ದು ಮಾತಾಡಿ ಪ್ರಯೋಜನ ಇಲ್ಲ.

ಕುಮಟಾದಿಂದ: ಎಲ್ಲರೂ ನೀರಿನ ಹಿಂದೆ ಬಿದ್ದಿದ್ದೀರಿ. ಪಾಚಿ ಖಾಲಿಯಾದ ಮೇಲೆ ಅದು ತಿಂದದ್ದು ಏನು? ಕ್ಲೀನಿಂಗ್‌ಗೆ ತಂದ ಪ್ರಾಣಿ ಅಂತ ಊಟ ಹಾಕುವುದನ್ನೇ ಮರೆಯುತ್ತೇವೆ. ನಮ್ಮದಕ್ಕೆ ಎರಡು ದಿನಕ್ಕೊಮ್ಮೆ ನೋರಿ (ಒಣಗಿಸಿದ ಕಡಲ ಪಾಚಿಯ ಹಾಳೆ), ಎಣ್ಣೆ ಮಸಾಲೆ ಇಲ್ಲದ್ದು. ಅಂಗೈ ಅರ್ಧದಷ್ಟು ಹಾಳೆಯನ್ನು ಲೈಟ್ ಆರಿಸಿದ ಮೇಲೆ ಮುಳ್ಳಿನ ಪಕ್ಕಕ್ಕೆ ಸರಿಸಿದರೆ ತಾನೇ ಎಳೆದುಕೊಳ್ಳುತ್ತದೆ. ಬಾಯಿ ಅಡಿಯಲ್ಲಿ, ಐದು ಹಲ್ಲು, ಕಲ್ಲನ್ನೂ ಕೆರೆಯುವಂಥವು. ಉಳಿದದ್ದನ್ನು ಬೆಳಿಗ್ಗೆ ತೆಗೆಯಿರಿ. ಚಿಪ್ಪು, ಮುಳ್ಳು ಎರಡೂ ಸುಣ್ಣದವು, ಆದ್ದರಿಂದ ನೀರಿನ ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಂಗಿಂತ ಇಳಿಯದ ಹಾಗೆ ನೋಡಿಕೊಳ್ಳಿ. ಒಂದು ಮಾತು, ಸಡಿಲ ಇಟ್ಟ ಕಲ್ಲೆಲ್ಲ ಇದು ಉರುಳಿಸುತ್ತದೆ. ನಮ್ಮ ಥರ್ಮಾಮೀಟರನ್ನೂ ಒಂದು ರಾತ್ರಿ ಬೆನ್ನ ಮೇಲೆ ಹೊತ್ತು ತಿರುಗಿತ್ತು!

ಕೇಳಿದವರು: ಅಳೆದೆ, 1.019. ತಾಮ್ರ ಹಾಕಿಲ್ಲ. ಊಟವೂ ಹಾಕಿರಲಿಲ್ಲ, ನಿಜ. ಸತ್ತಿದೆಯಾ ಬದುಕಿದೆಯಾ ಅಂತ ಹೇಗೆ ನೋಡುವುದು?

ಕೋಡಿಬಾಗದಿಂದ: ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಮುಳ್ಳು ಅತ್ತ ವಾಲಿದರೆ ಜೀವ ಇದೆ. ಸತ್ತಿದ್ದರೆ ಮಾತ್ರ ತಕ್ಷಣ ತೆಗೆಯಿರಿ, ಇಡೀ ಟ್ಯಾಂಕ್ ಕೆಡಿಸುತ್ತದೆ.

ಕೇಳಿದವರು, ನಾಲ್ಕು ದಿನದ ಮೇಲೆ: ಈಗ 1.023. ನಿನ್ನೆಯಿಂದ ಮುಳ್ಳು ಬಿದ್ದಿಲ್ಲ. ಇವತ್ತು ಬೆಳಿಗ್ಗೆ ಮೂಲೆಯಿಂದ ಒಂದು ಗೇಣು ಈಚೆ ಬಂದಿತ್ತು, ನೋರಿ ಅರ್ಧ ಖಾಲಿ.